ಕಬ್ಬಿಣದ ಗುಳಿಗೆ, ಅರ್ಧ ಬಟ್ಟಲು ಚಹಾ

ಔಷಧಿ ಅಂಗಡಿಯ ಗಾಜಿನ ಬಾಗಿಲ ಹೊರಗೆ ನಿಂತ ಕುಲ್ಯಾಶ್‌ಗೆ ಕಂಡದ್ದು ಇಷ್ಟೇ. ಕೌಂಟರಿನ ಆಚೆಯ ಹೆಂಗಸು ಕುಲ್ಯಾಶಳ ಗಂಡ ಒರಾಜ್‌ನ ಅಂಗೈ ಮೇಲೆ ಒಂದು ಗುಳಿಗೆ ಇಟ್ಟಳು. ಅವನು ಅದನ್ನು ಜಗಿದು ಮುಖ ಕಿವುಚಿದ. ಇಬ್ಬರೂ ನಕ್ಕರು.

ಮನೆಯಲ್ಲಿ ಮೂರು ತುತ್ತಿಗೇ ತಟ್ಟೆ ಸರಿಸುವ ಮಹಾನುಭಾವ ಇಲ್ಲಿ ಜಗಿದು ಜಗಿದು ನಗುತ್ತಿದ್ದಾನೆ. ಕುಲ್ಯಾಶಳ ಹೊಟ್ಟೆಗೆ ಬೆಂಕಿ ಬಿತ್ತು.

ಆ ವಸಂತದಲ್ಲಿ ಒರಾಜ್‌ಗೆ ಶಿಮ್ಕೆಂಟ್ ನಗರದ ಆಸ್ಪತ್ರೆಯಲ್ಲಿ ತೂಕ ಇಳಿಸುವ ಆಪರೇಷನ್ ಆಗಿತ್ತು. ಕುಲ್ಯಾಶಳ ಕೈಯ ಕುದುರೆ ಮಾಂಸ, ಕರಿದ ಹಿಟ್ಟಿನ ಉಂಡೆ ತಿಂದು ಬೆಳೆದಿದ್ದ ಹೊಟ್ಟೆಯನ್ನು ಡಾಕ್ಟರು ಮೊಟ್ಟೆಯಷ್ಟು ಮಾಡಿ ಕಳಿಸಿದ್ದರು. ಇನ್ನು ಬದುಕಿರುವಷ್ಟು ಕಾಲ ವಿಟಮಿನ್, ಕಬ್ಬಿಣ, ಕ್ಯಾಲ್ಸಿಯಂ ನುಂಗಲೇಬೇಕು. ಮದುವೆಯಾದಾಗಿನಿಂದ ಅವನ ಹೊಟ್ಟೆಗೆ ಏನು ಹೋಗಬೇಕೆಂದು ತೀರ್ಮಾನಿಸುತ್ತಿದ್ದವಳು ಕುಲ್ಯಾಶ್. ಈಗ ಆ ಅಧಿಕಾರ ಔಷಧಿ ಅಂಗಡಿಯ ಲೈಸಾನ್ ಎಂಬವಳ ಕೈ ಸೇರಿತ್ತು.

ಅಷ್ಟೇ ಆಗಿದ್ದರೆ ಸಹಿಸಬಹುದಿತ್ತೇನೋ. ತೂಕ ಇಳಿದಂತೆಲ್ಲ ಒರಾಜ್‌ನ ಕೆನ್ನೆಯ ಮೂಳೆ ಎದ್ದು ಕಾಣುತ್ತಿತ್ತು, ಕಣ್ಣು ದೊಡ್ಡದಾಗಿತ್ತು. ಮದುವೆಯ ದಿನ ಅವಳನ್ನು ಕದ್ದು ನೋಡಿದ ಆ ಹುಡುಗ ಮತ್ತೆ ಹೊರಗೆ ಬರುತ್ತಿದ್ದ. ಅವನನ್ನು ಮೊದಲು ನೋಡುವ ಭಾಗ್ಯ ಮಾತ್ರ ಲೈಸಾನ್‌ಳದು.

"ನಿಂಬೆ ರುಚಿದು ಹಿಡಿಸ್ತಿಲ್ಲ ಅಂದೆ. ಬೇರೆ ಕೊಟ್ಟಿದ್ದಾಳೆ," ಎಂದ ಒರಾಜ್, ಆ ಸಂಜೆ ಡಬ್ಬಿಗಳನ್ನು ಮೇಜಿನ ಮೇಲೆ ಇಡುತ್ತ. "ಒಂದೇ ಸಲ ದೊಡ್ಡ ಡಬ್ಬಿ ತಗೋಬೇಡಿ, ಯಾವುದು ಒಗ್ಗುತ್ತೋ ನೋಡೋಣ ಅಂತಾಳೆ ಲೈಸಾನ್. ಕ್ಯಾಲ್ಸಿಯಂನಲ್ಲೂ ಬೇರೆ ಬೇರೆ ಬಗೆ ಇದೆಯಂತೆ. ಲೈಸಾನ್ ಹೇಳ್ತಾಳೆ..."

"ಇನ್ನೇನು ಹೇಳ್ತಾಳೆ? ನಿಮ್ಮ ಕಣ್ಣು ಚೆನ್ನಾಗಿದೆ ಅಂತನಾ?"

"ನನ್ನನ್ನ ಅಣ್ಣ ಅಂತ ಕರೀತಾಳೆ ಕಣೇ."

"ನೀವೂ ಮದುವೆಗೆ ಮುಂಚೆ ನನ್ನನ್ನ ತಂಗಿ ಅಂತಲೇ ಕರೀತಿದ್ರಿ."

ಒರಾಜ್‌ಗೆ ನಗು ತಡೆಯಲಾಗಲಿಲ್ಲ. ಅದು ಇನ್ನಷ್ಟು ಉರಿ ಹಚ್ಚಿತು.

"ನಾಳೆಯಿಂದ ಗುಳಿಗೆ ನನ್ನ ಕೈಯಿಂದ," ಎಂದು ಡಬ್ಬಿಗಳನ್ನೆಲ್ಲ ಬಾಚಿಕೊಂಡಳು.

"ಆಗಲಿ. ಆದ್ರೆ ಲೈಸಾನ್ ಹೇಳಿದ್ದು..."

"ಆ ಹೆಸರು ಈ ಮನೇಲಿ ಇನ್ನೊಂದು ಸಲ ಬಂದ್ರೆ ನಾನು ತವರಿಗೆ ಹೋಗ್ತೀನಿ."

ಒರಾಜ್ ಔಷಧಿ ಅಂಗಡಿಯ ಖಾಲಿ ಚೀಲ ಮಡಚಿಟ್ಟ.

ಅಂದಿನಿಂದ ಸಂಜೆಯ ಚಹಾದ ಹೊತ್ತಿಗೆ ಅವಳು ಎಲ್ಲ ಗುಳಿಗೆಗಳನ್ನೂ ಒಟ್ಟಿಗೆ ಅವನ ಕೈಗೆ ಸುರಿದಳು, ಜೊತೆಗೆ ಹಾಲು ಹಾಕಿದ ಚಹಾ ಕೊಟ್ಟಳು. ಆ ಮನೆಯಲ್ಲಿ ಹಬ್ಬದೂಟವಾಗಲಿ, ತಲೆನೋವಿನ ಮಾತ್ರೆಯಾಗಲಿ ಚಹಾದ ಜೊತೆಗೇ ಗಂಟಲಿಳಿಯುವುದು. ಬಟ್ಟಲಿಗೆ ಅರ್ಧವೇ ಸುರಿಯುತ್ತಿದ್ದಳು. ಅವರ ಕಡೆ ತುಂಬ ಸುರಿದರೆ ಕುಡಿದು ಹೊರಡು ಎಂದರ್ಥ. ಅರ್ಧ ಸುರಿದರೆ ಬಟ್ಟಲು ಮತ್ತೆ ಮತ್ತೆ ಅವಳ ಕೈಗೆ ಬರುತ್ತದೆ, ಬೆರಳಿಗೆ ಬೆರಳು ತಾಗುತ್ತದೆ. ಒರಾಜ್ ಒಂದು ಗಳಿಗೆ ಬಟ್ಟಲನ್ನೇ ನೋಡುತ್ತಿದ್ದ. ಆಮೇಲೆ ಅವಳ ಮುಖ ನೋಡಿ ಗುಳಿಗೆ ನುಂಗುತ್ತಿದ್ದ. ಗೆದ್ದೆ ಎಂದುಕೊಂಡಳು ಕುಲ್ಯಾಶ್.

ಬೇಸಿಗೆ ಮುಗಿಯುವ ಹೊತ್ತಿಗೆ ಅವನ ತುಟಿ ಬಿಳುಚಿತು. ಮೆಟ್ಟಿಲು ಹತ್ತುವಾಗ ಕಂಬಿ ಹಿಡಿದು ನಿಲ್ಲತೊಡಗಿದ. ಡಾಕ್ಟರು ರಕ್ತ ಪರೀಕ್ಷೆ ಮಾಡಿ, ಕಬ್ಬಿಣ ತೀರಾ ಇಳಿದಿದೆ, ಹೀಗೇ ಆದರೆ ಮತ್ತೆ ಆಸ್ಪತ್ರೆ ಸೇರಬೇಕಾಗುತ್ತದೆ ಎಂದು ಬೇರೆ ಗುಳಿಗೆ ಬರೆದುಕೊಟ್ಟರು. ಈ ಸಲ ಕುಲ್ಯಾಶ್ ಅವನನ್ನು ಒಬ್ಬನೇ ಬಿಡಲಿಲ್ಲ. ಹೊಸ ರೇಷ್ಮೆ ತಲೆವಸ್ತ್ರ ಕಟ್ಟಿಕೊಂಡು ಹೊರಟಳು. ಯಾಕೆಂದು ನೀವು ಕೇಳಬಾರದು.

ಲೈಸಾನ್ ಹತ್ತಿರದಿಂದ ಇನ್ನೂ ಚೆನ್ನಾಗಿದ್ದಳು. ಅದೊಂದು ಬೇರೆ ಸಂಕಟ.

"ಗುಳಿಗೆ ಬದಲಾಯಿಸೋ ಮುಂಚೆ ಒಂದು ಮಾತು ಅಣ್ಣ. ಕಬ್ಬಿಣದ್ದನ್ನ ಯಾವುದರ ಜೊತೆ ತಗೋತಿದ್ರಿ?" ಎಂದಳು ಅವಳು.

"ನೀರಿನ ಜೊತೆ," ಎಂದ ಒರಾಜ್.

ಕುಲ್ಯಾಶ್ ತಿರುಗಿ ನೋಡಿದಳು. ಅವನು ಗೋಡೆಯ ಮೇಲಿನ ಜಾಹೀರಾತು ಓದುತ್ತಿದ್ದ.

"ಟೀ ಹತ್ತಿರ ಬಂದಿಲ್ಲ ತಾನೆ? ಟೀ, ಕ್ಯಾಲ್ಸಿಯಂ, ಯಾವುದು ಜೊತೆಗೆ ಹೋದ್ರೂ ಕಬ್ಬಿಣ ಮೈಗೆ ಹತ್ತಲ್ಲ. ಎರಡು ಗಂಟೆನಾದ್ರೂ ಬಿಟ್ಟಿರಬೇಕು. ನಿಮಗೆ ನೆನಪಿಲ್ದೆ ಇರುತ್ತಾ? ‘ಸಂಜೆ ನನ್ನ ಹೆಂಡತಿ ಕೊಡೋ ಟೀ ಇದೆ, ಆ ಹೊತ್ತಿಗೆ ಯಾವ ಗುಳಿಗೆನೂ ಇಡಬೇಡಿ’ ಅಂತ ಹಟ ಮಾಡಿದವರು ನೀವೇ. ಅದಕ್ಕೇ ಕಬ್ಬಿಣಾನ ಬೆಳಿಗ್ಗೆಗೆ ಹಾಕಿದ್ದೆ."

ಕುಲ್ಯಾಶ್ ತಲೆವಸ್ತ್ರದ ಗಂಟನ್ನು ಮತ್ತೆ ಬಿಗಿದಳು. ಸುಮ್ಮನಿದ್ದಿದ್ದರೆ ಯಾರಿಗೂ ತಿಳಿಯುತ್ತಿರಲಿಲ್ಲ. ಅದರಲ್ಲೂ ಇವಳ ಮುಂದೆ ತಲೆ ತಗ್ಗಿಸುವುದೆಂದರೆ.

"ಟೀ ಜೊತೆ ಕೊಟ್ಟಿದ್ದು ನಾನು," ಎಂದಳು. "ಎಲ್ಲಾನೂ ಒಟ್ಟಿಗೆ. ದಿನಾ."

ಲೈಸಾನ್ ನಗಲಿಲ್ಲ. "ಹಾಗಾದ್ರೆ ಹೊಸದು ಬೇಡ ಅಕ್ಕ. ಹಳೇದನ್ನೇ ಬೆಳಿಗ್ಗೆ ನೀರಲ್ಲಿ ಕೊಡಿ. ಡಾಕ್ಟರಿಗೂ ವಿಷಯ ಹೇಳಿಬಿಡಿ," ಎಂದಳಷ್ಟೇ.

ದಾರಿಯುದ್ದಕ್ಕೂ ಕುಲ್ಯಾಶ್ ಅವನಿಗಿಂತ ನಾಲ್ಕು ಹೆಜ್ಜೆ ಮುಂದೆಯೇ ನಡೆದಳು. ಮನೆ ಬಾಗಿಲು ಹಾಕಿದ ಮೇಲೆ ಸಿಡಿದಳು.

"ಗೊತ್ತಿದ್ದೂ ನುಂಗಿದ್ರಾ? ನಿಮಗೇನಾದ್ರೂ ಆಗಿದ್ರೆ?"

"ಹೇಳೋಕೆ ಬಂದ್ರೆ ತವರಿಗೆ ಹೋಗ್ತೀನಿ ಅಂದೆ."

"ಟೀ ಬೇಡ ಅನ್ನಬಹುದಿತ್ತಲ್ಲ."

ಒರಾಜ್ ಗೋಡೆಗೆ ಒರಗಿ ಕೂತ. "ನೀನು ಮಾಡಿದ ಊಟ ತಳ್ಳಿದೆ. ದಿನಾ ನಿನ್ನ ಮುಖ ಬಾಡೋದನ್ನ ನೋಡ್ತಿದ್ದೆ ನಾನು. ಟೀನೂ ತಳ್ಳಿದ್ರೆ ನಿನ್ನ ಕೈಯಿಂದ ನನಗೆ ಅಂತ ಉಳಿಯೋದೇನು, ಹೇಳು."

ಅವಳ ಕಣ್ಣು ತುಂಬಿತು. "ನನಗೆ ಭಯ ಆಗಿತ್ತು ರೀ. ಹಸಿವೇ ಇಲ್ದೋರಿಗೆ ನಾನ್ಯಾಕೆ ಬೇಕು ಅಂತ."

"ನಿನ್ನ ನೋಡಿದ ದಿನ ನನ್ನ ಹೊಟ್ಟೆ ತುಂಬಿತ್ತು ಕಣೇ. ಆದ್ರೂ ತಿರುಗಿ ನೋಡಿದ್ನಲ್ಲ."

ಸಂಜೆ ಅವಳು ಚಹಾ ಮಾಡಿದಳು. ಗುಳಿಗೆ ಇರಲಿಲ್ಲ, ಬರೀ ಚಹಾ. ಆದರೂ ಗಾಜಿನ ಬಾಗಿಲಾಚೆ ಕಂಡಿದ್ದ ಲೈಸಾನ್‌ಳ ಆ ನಗು ಒಮ್ಮೆ ಕಣ್ಣ ಮುಂದೆ ಬಂತು ನೋಡಿ, ಬಟ್ಟಲಿಗೆ ಅಂಚಿನವರೆಗೂ ಸುರಿದು ಅವನ ಮುಂದೆ ಕುಕ್ಕಿದಳು.

"ತುಂಬ ಕೊಟ್ಟಿದ್ದೀಯ. ಹೊರಡು ಅಂತನಾ?"

"ಹೌದು. ಕುಡಿದು ಅವಳ ಹತ್ರಾನೇ ಹೋಗಿ."

ಒರಾಜ್ ಒಂದು ಗುಟುಕು ಕುಡಿದು ಬಟ್ಟಲು ಕೆಳಗಿಟ್ಟ. ದಿಂಬು ಎಳೆದುಕೊಂಡು ಆರಾಮಾಗಿ ಒರಗಿದ.

"ಕುಡಿದು ಮುಗಿಸದೆ ಏಳೋದು ಮರ್ಯಾದೆ ಅಲ್ಲ. ನನಗಿರೋದು ಮೊಟ್ಟೆಯಷ್ಟು ಹೊಟ್ಟೆ," ಎಂದ. "ಇದು ಯಾವತ್ತು ಮುಗಿಯುತ್ತೋ, ಅವತ್ತು ಹೋಗ್ತೀನಿ."

ಕುಲ್ಯಾಶ್ ಅವನನ್ನು ದುರುಗುಟ್ಟಿ ನೋಡಿದಳು. ಆಮೇಲೆ ಅವನ ಬಟ್ಟಲಿನ ಅರ್ಧ ಚಹಾವನ್ನು ತನ್ನ ಬಟ್ಟಲಿಗೆ ಸುರಿದುಕೊಂಡು ಪಕ್ಕದಲ್ಲೇ ಕೂತಳು.