ಬಕೆಟ್ ತುಂಬಾ ಕಾಯಿ

"ಇದೇನಪ್ಪಾ ತಂದಿದ್ದೀಯ?"

ರೌಹಾ ಕೇಳಿದ ರೀತಿಗೇ ಮಗಳು ಐಲಾ ತಿರುಗಿ ನೋಡಿದಳು.

ಜೌಗು ನೆಲದ ಅಂಚಿನಲ್ಲಿ, ಐಲಾ ಮದುವೆಯಾಗಲಿದ್ದ ಒಸ್ಮೊ ಬಕೆಟ್ಟನ್ನು ಹೆಮ್ಮೆಯಿಂದ ಮುಂದೆ ಹಿಡಿದು ನಿಂತಿದ್ದ. ಅದರ ತುಂಬಾ ಹಿಲ್ಲಾ ಎಂಬ ಕಾಡುಹಣ್ಣು. ಮುಕ್ಕಾಲು ಪಾಲು ಕೆಂಪು ಕಾಯಿ, ಕಲ್ಲಿನಂತೆ ಗಟ್ಟಿ.

ಹಿಲ್ಲಾ ಮಿಕ್ಕ ಹಣ್ಣುಗಳಂತಲ್ಲ, ಅದರದೆಲ್ಲ ಉಲ್ಟಾ. ಕಾಯಾಗಿದ್ದಾಗ ಕೆಂಪು, ಮಾಗಿದಾಗ ಜೇನಿನ ಬಣ್ಣ. ಉತ್ತರ ಫಿನ್ಲೆಂಡಿನ ನಾವು ಮನೆಯ ಜಗಳವನ್ನಾದರೂ ಹೊರಗೆ ಹೇಳಿಯೇವು, ಹಿಲ್ಲಾ ಬೆಳೆಯುವ ಜಾಗ ಮಾತ್ರ ಹೇಳುವುದಿಲ್ಲ. ರೌಹಾ ತಾನೇ ಒಸ್ಮೊನನ್ನು ಇಲ್ಲಿಗೆ ಕರೆತಂದಿದ್ದಾಳೆಂದರೆ, ಅಳಿಯನೆಂದು ಒಪ್ಪಿಕೊಂಡಳೆಂದೇ ಅರ್ಥ. ಅಂಥ ಜಾಗದಲ್ಲಿ ಈ ಮಹಾರಾಯ ಮುಂದಿನ ವಾರ ಮಾಗಬೇಕಿದ್ದ ಕಾಯನ್ನೆಲ್ಲ ಕಿತ್ತು ತಂದಿದ್ದ.

"ಹಣ್ಣು ಮಾತ್ರ ಕೀಳು ಅಂದಿದ್ನಲ್ಲ?" ಐಲಾ ಕೇಳಿದಳು.

ಒಸ್ಮೊ ಬಕೆಟ್ ನೋಡಿದ. ಅವಳ ಮುಖ ನೋಡಿದ. "ಗಮನಿಸ್ಲಿಲ್ಲ..."

"ಇಷ್ಟು ಕೆಂಪಗಿದೆ, ಗಮನಿಸ್ಲಿಲ್ವಾ?"

"ಬೇಜಾರಾಗಿತ್ತು. ಬೇಗ ಮುಗಿಸೋಣ ಅನ್ಕೊಂಡೆ."

ರೌಹಾ ಬಕೆಟ್ ಎತ್ತಿಕೊಂಡು ಕಾರಿನತ್ತ ನಡೆದಳು. ಕಾರಿನಲ್ಲಿ ಕೂತ ಮೇಲೆ, ಯಾರ ಮುಖವನ್ನೂ ನೋಡದೆ, "ಪೇಟೆಯವರಿಗೆ ನಮ್ಮದೆಲ್ಲ ತಮಾಷೆ" ಎಂದಳು. ಒಸ್ಮೊ ಅಂದೇ ಬಸ್ಸು ಹತ್ತಿ ಔಲು ಪಟ್ಟಣಕ್ಕೆ ಹೊರಟುಹೋದ.

ಐಲಾಳಿಗೆ ತಲೆಬುಡ ತಿಳಿಯಲಿಲ್ಲ. ಪಿಯಾನೋಗಳಿಗೆ ಶ್ರುತಿ ಕೂಡಿಸುವವನು ಅವನು, ಒಂದೇ ತಂತಿಯ ಜೊತೆ ಗಂಟೆಗಟ್ಟಲೆ ಕೂರುತ್ತಾನೆ. ಅವನಿಗೆ ಬೇಜಾರಾ? ಸುಳ್ಳು ಹೇಳಿದನಾ? ಅಥವಾ ನನ್ನ ಮೇಲೇ ಬೇಜಾರಾ... ಫೋನ್ ಎತ್ತಿಕೊಳ್ಳುತ್ತಿದ್ದಳು, ಕೆಳಗಿಡುತ್ತಿದ್ದಳು. ಸಿಟ್ಟೂ ಇಳಿಯಲಿಲ್ಲ, ಅವನ ನೆನಪೂ ಬಿಡಲಿಲ್ಲ.

ರಜೆ ಮುಗಿದು ಶಾಲೆ ಶುರುವಾಯಿತು. ಐಲಾ ಒಂಬತ್ತನೇ ತರಗತಿಗೆ ಜೀವಶಾಸ್ತ್ರದ ಟೀಚರು. ಅವತ್ತಿನ ಪಾಠ ಅನುವಂಶೀಯತೆ.

"ಕೆಂಪು, ಹಸಿರು ಗುರುತಿಸೋಕಾಗದ ದೋಷ ಎಕ್ಸ್ ಕ್ರೋಮೋಸೋಮಲ್ಲಿ ಬರುತ್ತೆ. ಗಂಡಿಗೆ ಅದು ಒಂದೇ, ಅಮ್ಮ ಕೊಟ್ಟಿದ್ದು. ಅದರಲ್ಲೇ ದೋಷ ಇದ್ರೆ ಮುಚ್ಚೋಕೆ ಇನ್ನೊಂದಿಲ್ಲ. ಹೆಣ್ಣಿಗೆ ಎರಡಿರುತ್ತೆ. ಹಾಗಾಗಿ ಒಂದರಲ್ಲಿ ದೋಷ ಇದ್ರೂ ಅವಳಿಗೆ ಸಾಮಾನ್ಯವಾಗಿ ತೊಂದ್ರೆ ಇಲ್ಲ, ಆದ್ರೆ ಮಕ್ಕಳಿಗೆ ದಾಟಿಸಬಲ್ಲಳು. ಇಂಥವರಿಗೆ ಕಾಯಿ ಯಾವ್ದು, ಹಣ್ಣು ಯಾವ್ದು..."

ಮಾತು ಅಲ್ಲೇ ನಿಂತುಹೋಯಿತು.

ಮಾಂಸ ಹುರಿಯುವಾಗಲೆಲ್ಲ 'ಬೆಂದಿದೆಯಾ ನೋಡು' ಎಂದು ಅವಳನ್ನೇ ಕರೆಯುತ್ತಿದ್ದ ಒಸ್ಮೊ. ಹಸಿರು ಶಾಲು ತಂದುಕೊಟ್ಟು 'ಕಂದು ಬಣ್ಣ ನಿನಗೆ ಒಪ್ಪುತ್ತೆ' ಎಂದಿದ್ದ ಒಸ್ಮೊ. ಅಯ್ಯೋ, ವರ್ಷಾ ವರ್ಷಾ ಇದನ್ನೇ ಪಾಠ ಮಾಡಿಯೂ ನನಗೆ ಹೊಳೆಯಲಿಲ್ಲವಲ್ಲ...

ಮನೆಗೆ ಬಂದವಳೇ ಅಡುಗೆಮನೆಗೆ ಹೋಗಿ ಅಮ್ಮನಿಗೆ ಎಲ್ಲ ಹೇಳಿದಳು. ಪಾತ್ರೆ ತೊಳೆಯುತ್ತಿದ್ದ ರೌಹಾಳ ಕೈ ನಿಧಾನವಾಯಿತು.

"ನಿಮ್ಮಪ್ಪನೂ ಮದುವೆಯಾದ ವರ್ಷ ಕಾಯಿನೇ ಕಿತ್ತು ತಂದಿದ್ರು" ಎಂದಳು. "ನಾನು ನಗಾಡ್ದೆ. ಆಮೇಲೆ ಹಿಲ್ಲಾ ಕೀಳೋಕೆ ಹೋದಾಗ ಅವರು ಯಾವತ್ತೂ ಕಾರು ಬಿಟ್ಟು ಇಳೀಲೇ ಇಲ್ಲ."

"ಅಮ್ಮಾ... ಅಪ್ಪಂಗೂ ಇತ್ತು ಅನ್ಸುತ್ತೆ."

"ಸಾಯೋವರೆಗೂ ಸೋಮಾರಿ ಅಂತ ಆಡ್ಕೊಂಡ್ನಲ್ಲೇ ಅವರನ್ನ." ರೌಹಾ ನಲ್ಲಿ ನಿಲ್ಲಿಸಿದಳು. ಕಣ್ಣು ತುಂಬಿತ್ತು. "ನೀನು ಹೋಗು. ಆ ಹುಡುಗನ ಹತ್ರ ಹೋಗು."

ಔಲುವಿನಲ್ಲಿ ಒಸ್ಮೊ ತನ್ನ ಮನೆಯ ಬಾಗಿಲು ತೆರೆದ. ಒಳಗೆ ಕರೆಯಬೇಕೋ ಬೇಡವೋ ಎಂಬ ಗೊಂದಲ ಅವನ ಮುಖದಲ್ಲೇ ಕಾಣುತ್ತಿತ್ತು.

"ನಿನಗೆ ಕೆಂಪು ಕಾಣ್ಸಲ್ಲ, ಅಲ್ವಾ?"

ಅವನು ತಲೆ ತಗ್ಗಿಸಿದ.

"ಯಾಕೆ ಹೇಳ್ಲಿಲ್ಲ ಒಸ್ಮೊ?"

"ನೀನು ಪ್ರತಿ ವರ್ಷ ಇದನ್ನೇ ಪಾಠ ಮಾಡ್ತೀಯ. ನಾನೂ ನಿನಗೊಂದು ಉದಾಹರಣೆ ಆಗ್ಬಿಡ್ತೀನೇನೋ ಅನ್ನಿಸ್ತು. ಆಮೇಲೆ ಲೆಕ್ಕ ಹಾಕ್ತೀಯ, ಮಕ್ಕಳಿಗೆ ಎಷ್ಟು ಬರುತ್ತೆ ಅಂತ... ಬೇಡ ಅಂತೀಯ."

"ಲೆಕ್ಕ ಹಾಕ್ದೆ." ಐಲಾ ಒಳಗೆ ಹೆಜ್ಜೆಯಿಟ್ಟಳು. "ನಮ್ಮಪ್ಪಂಗೂ ಇತ್ತು ಅಂದ್ರೆ ಅದು ನನ್ನಲ್ಲೂ ಇದೆ, ಹೊರಗೆ ಕಾಣ್ಸಲ್ಲ ಅಷ್ಟೆ. ಗಂಡಾಗ್ಲಿ ಹೆಣ್ಣಾಗ್ಲಿ, ನಮ್ಮ ಮಗುಗೆ ಬರೋ ಸಾಧ್ಯತೆ ಅರ್ಧಕ್ಕರ್ಧ. ಕಾರಲ್ಲಿ ದಾರಿಯುದ್ದಕ್ಕೂ ಇದೇ ಲೆಕ್ಕ ಹಾಕ್ಕೊಂಡ್ ಬಂದೆ. ಆಮೇಲೇ ನಿನ್ನ ಬಾಗಿಲು ತಟ್ಟಿದ್ದು."

ಒಸ್ಮೊ ಬಾಗಿಲು ಮುಚ್ಚಿ ಅವಳತ್ತ ತಿರುಗಿದ.

"ನಮ್ಮ ಮಗು ಬಕೆಟ್ ತುಂಬಾ ಕಾಯಿ ತಂದ್ರೆ?"

"ಪಕ್ಕದಲ್ಲಿ ಕೂರಿಸ್ಕೊಂಡು, ಬೆರಳಿಂದ ಮುಟ್ಟಿ ನೋಡೋದನ್ನ ಹೇಳ್ಕೊಡ್ತೀನಿ. ಮೆತ್ತಗಿದ್ರೆ ಹಣ್ಣು."

"ನನಗೆ ಯಾರೂ ಹಾಗೆ ಹೇಳ್ಕೊಟ್ಟಿರ್ಲಿಲ್ಲ ಐಲಾ."

ಅವಳು ಅವನ ಕೈ ಹಿಡಿದುಕೊಂಡಳು.