ಒಂದು ಸ್ಲಾಟ್ ಬಿಟ್ಟು ಒಂದು

"ಇದನ್ನ ಬಿಚ್ಚಬಾರದು."

ಕಂಪ್ಯೂಟರಿನ ಕಪ್ಪು ಪೆಟ್ಟಿಗೆಯನ್ನು ಕೌಂಟರಿನ ಮೇಲಿಟ್ಟ ಮೇಲೂ ಅವಳು ಅದರಿಂದ ಕೈ ತೆಗೆಯಲಿಲ್ಲ.

ಅಂಗಡಿಯವನು ತಲೆಯೆತ್ತಿದ. ಮೂವತ್ತೈದರ ಆಸುಪಾಸು. ಹಲ್ಲುಗಳ ನಡುವೆ ಎರಡು ತಿರುಪು ಕಚ್ಚಿಕೊಂಡಿದ್ದ. ಅವನ್ನು ಅಂಗೈಗೆ ತೆಗೆದುಕೊಂಡು ಕೇಳಿದ.

"ಏನಾಗ್ಬೇಕಿತ್ತು?"

"ಹೊಸ ಪ್ರೊಸೆಸರ್."

"ಬಿಚ್ಚದೆ ಹಾಕೋದನ್ನ ನಾನಿನ್ನೂ ಕಲಿತಿಲ್ಲ ಮೇಡಂ."

ಅದು ತಮಾಷೆಯೆಂದು ಅವಳಿಗೆ ಗೊತ್ತಾಯಿತು. ಅಷ್ಟೇ. ಎರಡು ವರ್ಷದಿಂದ ಹೀಗೆಯೇ... ಎಲ್ಲವೂ ಗೊತ್ತಾಗುತ್ತಿತ್ತು, ಯಾವುದೂ ತಾಗುತ್ತಿರಲಿಲ್ಲ.

"ನನ್ನ ಗಂಡ ಜೋಡಿಸಿದ್ದು," ಎಂದಳು. "ಅವರು ಈಗಿಲ್ಲ."

ಅವನು ಅಯ್ಯೋ ಎನ್ನಲಿಲ್ಲ. ತಿರುಪುಗಳನ್ನು ಮೆಲ್ಲಗೆ ತಟ್ಟೆಗೆ ಹಾಕಿದ.

ಮದುವೆಯಾದ ಹೊಸದರಲ್ಲಿ, ಒಂದು ಭಾನುವಾರ ಪೂರ್ತಿ ನೆಲದ ಮೇಲೆ ಕೂತು ಗಂಡ ಈ ಪೆಟ್ಟಿಗೆಯನ್ನು ಜೋಡಿಸಿದ್ದ. ಅವನು ಹೋದ ಮೇಲೆ ಅಂಗಿಗಳನ್ನು ಯಾರಿಗೋ ಕೊಟ್ಟಾಯಿತು. ಬೈಕನ್ನು ಮೈದುನ ತೆಗೆದುಕೊಂಡು ಹೋದ. ಅವನ ಕೈ ಇಟ್ಟದ್ದು ಇಟ್ಟ ಹಾಗೇ ಉಳಿದಿದ್ದು ಇದೊಂದರಲ್ಲೇ. ಈಗ ಇದೂ ಸೋತಿತ್ತು. ಶಾಲೆಯ ಪುಸ್ತಕಗಳಿಗೆ ಇದರಲ್ಲೇ ಪುಟ ಜೋಡಿಸಿಕೊಡುವುದು ಅವಳ ಕೆಲಸ. ಒಂದು ಫೈಲು ತೆರೆಯುವಷ್ಟರಲ್ಲಿ ಹಾಲು ಕಾಯಿಸಿ, ಕುಡಿದು, ಲೋಟ ತೊಳೆದು ಬರಬಹುದಿತ್ತು. ಹೊಸ ಕಂಪ್ಯೂಟರ್ ತಗೊಳ್ಳಿ, ಇಲ್ಲದಿದ್ದರೆ ಕೆಲಸ ಬೇರೆಯವರಿಗೆ ಕೊಡುತ್ತೇವೆ ಎಂದು ಪ್ರಕಾಶಕರು ಹೇಳಿಬಿಟ್ಟಿದ್ದರು.

ಹೊಸದು ತಂದರೆ ಇದು ಗುಜರಿಗೆ. ಅದಾಗಬಾರದು. ಆದ್ದರಿಂದ ಪ್ರೊಸೆಸರ್ ಒಂದನ್ನೇ ಬದಲಾಯಿಸುವುದು ಎಂದು ತೀರ್ಮಾನಿಸಿದ್ದಳು.

ಅವಳು ಒಂದು ಚೀಟಿ ಕೊಟ್ಟಳು. ಅವನು ಓದಿದ, ಪೆಟ್ಟಿಗೆಯ ಹಿಂಬದಿಯನ್ನು ಒಮ್ಮೆ ನೋಡಿದ.

"ಯಾರು ಬರ್ದುಕೊಟ್ಟಿದ್ದು?"

"ನನ್ನ ಮೈದುನ. ಕಡಿಮೆ ಬೆಲೆಗೆ ಇದೇ ಜೋರು ಅಂದ."

"ಜೋರೇನೋ ಹೌದು. ಆದ್ರೆ ಇದನ್ನ ಹಾಕಿದ್ರೆ ಸ್ಕ್ರೀನ್ ಕಪ್ಪಗೇ ಇರುತ್ತೆ. ನಿಮ್ಮದ್ರಲ್ಲಿ ಗ್ರಾಫಿಕ್ಸ್ ಕಾರ್ಡ್ ಇಲ್ಲ, ಇದ್ರಲ್ಲೂ ಗ್ರಾಫಿಕ್ಸ್ ಇಲ್ಲ. ಚಿತ್ರ ತೋರ್ಸೋರು ಯಾರು? ನಿಮ್ಮ ಮೈದುನ ಬಂದು ಪಕ್ಕದಲ್ಲಿ ನಿಂತು ಓದಿ ಹೇಳ್ಬೇಕು."

"ಅವನು ಅಷ್ಟು ಹೊತ್ತು ನಿಲ್ಲಲ್ಲ."

ಅವನು ನಕ್ಕ. ಕಪಾಟಿನಿಂದ ಚಿಕ್ಕ ಡಬ್ಬಿಯೊಂದನ್ನು ತೆಗೆದಿಟ್ಟ.

"ಇದು ಆರು ಕೋರಿನದು. ಹೋದ ವರ್ಷದ ಮಾಡೆಲ್, ಅದಕ್ಕೇ ಅಗ್ಗ. ಗ್ರಾಫಿಕ್ಸ್ ಒಳಗೇ ಇದೆ, ನಿಮ್ಮ ಹಳೇ ಮದರ್‌ಬೋರ್ಡಿಗೇ ಕೂರುತ್ತೆ. ಎಂಟು ಕೋರಿನದೂ ಇದೆ, ಇನ್ನೂ ಜೋರು, ಆದ್ರೆ ನಿಮ್ಮ ಕೆಲಸಕ್ಕೆ ದಂಡ."

"ಒಳಗಿನ ಉಳಿದದ್ದು?"

"ಯಾವುದನ್ನೂ ಮುಟ್ಟಲ್ಲ."

ಆ ಅಂಗಡಿಯಲ್ಲಿ ಒಂದು ಪದ್ಧತಿಯಿತ್ತು. ಗಿರಾಕಿಯ ಎದುರಿಗೇ ಬಿಚ್ಚುವುದು, ಮಾಡಿದ್ದೆಲ್ಲವನ್ನೂ ಒಂದು ಪಟ್ಟಿಯಲ್ಲಿ ಬರೆದು ಮುಚ್ಚಳದ ಒಳಗೆ ಅಂಟಿಸುವುದು. ಅವನು ಸ್ಟೂಲ್ ಎಳೆದು ಹಾಕಿದ. ಅವಳು ಕೂತಳು. ಮೊದಲ ತಿರುಪು ಕಿರ್ರೆಂದು ತಿರುಗಿತು...

"ಆಮೇಲೆ ಬರ್ತೀನಿ," ಎಂದು ಎದ್ದು ಹೊರಟುಬಿಟ್ಟಳು.

*

ಅಂದು ಸಂಜೆ ಪೆಟ್ಟಿಗೆಯನ್ನು ಮನೆಗೆ ತಂದು ಫೈಲಿನ ಮೇಲೆ ಒತ್ತಿದಳು. ಬೆರಳು ತೆಗೆಯುವಷ್ಟರಲ್ಲಿ ಪುಟಗಳು ತೆರೆದುಕೊಂಡಿದ್ದವು.

"ಏನೇ, ಆಗ್ಲೇ ಬಂತಾ?" ಅತ್ತೆ ಹಿಂದಿನಿಂದ ಇಣುಕಿದರು. ಮಗ ಹೋದ ಮೇಲೂ ಸೊಸೆಯ ಜೊತೆಗೇ ಉಳಿದವರು ಅವರು. "ಇನ್ನು ನಿಂಗೆ ಹಾಲು ಕುಡಿಯೋಕೂ ಪುರುಸೊತ್ತು ಸಿಗಲ್ಲ ಬಿಡು."

ಭಾನುವಾರ ಧೂಳು ತೆಗೆಯಲು ಪೆಟ್ಟಿಗೆಯ ಪಕ್ಕದ ಮುಚ್ಚಳ ಸರಿಸಿದಳು. ತಿಂಗಳಿಗೊಮ್ಮೆ ಒಳಗೆ ಬ್ರಷ್ ಆಡಿಸುವುದು ಅವಳ ರೂಢಿ. ಒಳಗಿನ ಒಂದೊಂದು ತಂತಿ ಎಲ್ಲಿದೆ ಎಂಬುದು ಅವಳಿಗೆ ಬಾಯಿಪಾಠ.

ಕೈ ನಿಂತಿತು.

ಮೆಮೊರಿಯ ಎರಡು ಸ್ಟಿಕ್‌ಗಳು ಯಾವಾಗಲೂ ಒಂದಕ್ಕೊಂದು ಅಂಟಿದಂತೆ ಪಕ್ಕಪಕ್ಕದಲ್ಲಿರುತ್ತಿದ್ದವು. ಈಗ ಅವುಗಳ ನಡುವೆ ಅವು ಕೂರುವಂಥದೇ ಒಂದು ಸ್ಲಾಟ್ ಖಾಲಿ ಇತ್ತು.

ಮುಚ್ಚಳದ ಒಳಗಿನ ಪಟ್ಟಿ ಓದಿದಳು. ಪ್ರೊಸೆಸರ್ ಹೊಸದು. ಅದಕ್ಕೆ ಹಚ್ಚುವ ಪೇಸ್ಟ್ ಹೊಸದು. ಬೋರ್ಡಿನ ಸಾಫ್ಟ್‌ವೇರ್ ಅಪ್‌ಡೇಟ್. ಮೆಮೊರಿಯ ಮಾತೇ ಇರಲಿಲ್ಲ.

*ಕದ್ದಿದ್ದಾನೆ... ಹಳೆಯದನ್ನು ಇಟ್ಟುಕೊಂಡು ಬೇರೆ ಯಾವುದನ್ನೋ ಹಾಕಿದ್ದಾನೆ.*

ಕಿವಿ ಬಿಸಿಯಾಯಿತು. ತನಗೆ ಸಿಟ್ಟು ಬಂದಿದೆ ಎಂದು ತಿಳಿಯಲು ಅವಳಿಗೆ ಸ್ವಲ್ಪ ಹೊತ್ತು ಬೇಕಾಯಿತು.

"ಅತ್ತೆ, ನಿಮ್ಮ ಮಗ ಹಾಕಿದ್ದನ್ನ ಆ ಅಂಗಡಿಯವನು ಕಿತ್ತಿದ್ದಾನೆ."

ಅತ್ತೆ ಕನ್ನಡಕ ತೆಗೆದಿಟ್ಟರು. "ನಾಳೆ ಬೆಳಿಗ್ಗೆ ನಾನೂ ಬರ್ತೀನಿ. ನೀನು ಮಾತಾಡು. ಸಾಲದೆ ಬಂದ್ರೆ ನಾನಿದೀನಿ."

*

"ಮುಟ್ಟಲ್ಲ ಅಂದಿರಿ."

ಬೆಳಿಗ್ಗೆ ಆಗತಾನೇ ಬಾಗಿಲು ತೆಗೆದಿದ್ದ ಅಂಗಡಿಯವನು ಪೆಟ್ಟಿಗೆಯನ್ನು ನೋಡಿದ, ಅವಳ ಮುಖ ನೋಡಿದ. ಸುಳ್ಳು ಹೇಳಲಿಲ್ಲ.

"ಮುಟ್ಟಿದೆ. ಆದ್ರೆ ಅವು ನಿಮ್ಮವೇ ಮೇಡಂ. ಬೇರೆಯದು ಹಾಕಿಲ್ಲ."

"ಮತ್ತೆ ಜಾಗ ಯಾಕೆ ಬದಲಾಯ್ಸಿದಿರಿ? ಪಟ್ಟಿಯಲ್ಲಿ ಯಾಕೆ ಬರೀಲಿಲ್ಲ?"

ಅವನು ಅತ್ತೆಯ ಕಡೆ ನೋಡಿದ.

"ಬಾಯಲ್ಲಿ ತಿರುಪಿದ್ರೆ ಉಗಿದು ಮಾತಾಡಪ್ಪ," ಎಂದರು ಅತ್ತೆ.

"ತಪ್ಪು ಜಾಗದಲ್ಲಿದ್ವು ಅಮ್ಮ." ಅವನ ದನಿ ತಗ್ಗಿತು. "ಈ ಬೋರ್ಡಿನಲ್ಲಿ ಒಂದು ಸ್ಲಾಟ್ ಬಿಟ್ಟು ಒಂದಕ್ಕೆ ಹಾಕ್ಬೇಕು. ಪಕ್ಕಪಕ್ಕ ಹಾಕಿದ್ರೆ ಮೆಮೊರಿ ಅರ್ಧ ವೇಗದಲ್ಲಿ ಓಡುತ್ತೆ. ಹಾಗೇ ಬಿಟ್ಟಿದ್ರೆ ಹೊಸ ಪ್ರೊಸೆಸರ್ ಹಾಕಿಯೂ ನಿಮಗೆ ಪೂರ್ತಿ ಉಪಯೋಗ ಆಗ್ತಿರಲಿಲ್ಲ."

"ಯಾವಾಗಿನಿಂದ ತಪ್ಪಿತ್ತು?" ಅವಳು ಕೇಳಿದಳು.

"ಜೋಡಿಸಿದ ದಿನದಿಂದ."

"ಅವರಿಗೆ ಗೊತ್ತಾಗಿರಲ್ವಾ?"

"ಬೋರ್ಡಿನ ಜೊತೆ ಬರೋ ಪುಸ್ತಕದಲ್ಲಿ ಬರೆದಿರುತ್ತೆ..." ಅವನು ಮಾತು ಅರ್ಧಕ್ಕೆ ನಿಲ್ಲಿಸಿದ. ಆಮೇಲೆ, "ನೀವು ಪೆಟ್ಟಿಗೆ ಮೇಲಿಂದ ಕೈ ತೆಗೀಲಿಲ್ಲ ಅವತ್ತು. ಅವರು ಮಾಡಿದ್ದು ತಪ್ಪು ಅಂತ ಬರೆದು ಅದರೊಳಗೇ ಅಂಟಿಸೋಕೆ... ನನಗೆ ಆಗಲಿಲ್ಲ."

ಅವಳಿಗೆ ಅತ್ತೆಯ ಕಡೆ ನೋಡಲು ಹೆದರಿಕೆಯಾಯಿತು. ಹೆತ್ತ ಮಗ.

ಅತ್ತೆಯ ಗಂಟಲಿನಿಂದ ಒಂದು ವಿಚಿತ್ರ ಸದ್ದು ಹೊರಟಿತು. ಅಳುತ್ತಿದ್ದಾರೆಂದುಕೊಂಡಳು. ಅಲ್ಲ.

"ಪುಸ್ತಕ ಓದ್ತಿದ್ನಾ ಅವನು?" ಅತ್ತೆ ನಗುತ್ತ ಕೌಂಟರ್ ಹಿಡಿದುಕೊಂಡರು. "ನನ್ನ ಮಂಚ ಜೋಡ್ಸಿ ನಾಲ್ಕು ಬೋಲ್ಟ್ ಉಳಿಸ್ದ. ಯಾಕಪ್ಪಾ ಉಳೀತು ಅಂದ್ರೆ, ಕಂಪನಿಯವ್ರು ಜಾಸ್ತಿ ಕೊಟ್ಟಿದಾರಮ್ಮ, ಒಳ್ಳೇ ಜನ ಅಂದ. ಮೂರನೇ ದಿನ ನಾನು ನೆಲದ ಮೇಲಿದ್ದೆ."

ಎರಡು ವರ್ಷದಿಂದ ಬಂದವರೆಲ್ಲ ಅವಳ ಗಂಡನನ್ನು ಚಿನ್ನದಂಥವನು ಎಂದು ಹೊಗಳಿ ಹೋಗಿದ್ದರು. ಎಂದೂ ಎಡವದವನು, ಎಂದೂ ತಪ್ಪದವನು... ಆ ಚಿನ್ನದ ಮನುಷ್ಯ ಯಾರೆಂದು ಅವಳಿಗೆ ಗುರುತೇ ಸಿಗುತ್ತಿರಲಿಲ್ಲ. ಅವನಿಗಾಗಿ ಅಳಲೂ ಬರುತ್ತಿರಲಿಲ್ಲ.

ಈಗ ನೆನಪಾಯಿತು. ಆ ಭಾನುವಾರ ಬೋರ್ಡಿನ ಪುಸ್ತಕದ ಮೇಲೆ ಕಾಫಿ ಲೋಟ ಇಟ್ಟುಕೊಂಡಿದ್ದ. ಓದಬಾರದಾ ಅದನ್ನ ಎಂದರೆ, "ಇದೆಲ್ಲ ಅಂದಾಜಿನಲ್ಲೇ ಗೊತ್ತಾಗುತ್ತೆ ಕಣೇ" ಎಂದಿದ್ದ. ಹಣೆಯ ಮೇಲೆ ಮಸಿ. ಎಂಥ ಜಂಬ.

ಅವನು. ಅವನೇ.

ಅವಳು ನಕ್ಕಳು. ನಗು ಯಾವ ಗಳಿಗೆಯಲ್ಲಿ ಅಳುವಾಯಿತೋ ತಿಳಿಯಲಿಲ್ಲ. ಅಂಗಡಿಯವನು ಸ್ಟೂಲನ್ನು ಅವಳ ಹಿಂದೆ ಸರಿಸಿಟ್ಟು, ತಾನು ಬೇರೇನೋ ಹುಡುಕುವವನಂತೆ ಕಪಾಟಿನ ಕಡೆ ತಿರುಗಿ ನಿಂತ. ಬಹಳ ಹೊತ್ತು ಹುಡುಕಿದ.

"ಪಟ್ಟಿಯಲ್ಲಿ ಬರೀರಿ," ಎಂದಳು ಕಡೆಗೆ, ಮೂಗು ಒರೆಸಿಕೊಳ್ಳುತ್ತ. "ಮೆಮೊರಿ ತಪ್ಪಾಗಿತ್ತು, ಸರಿ ಮಾಡಿದೆ ಅಂತ."

ಅವನು ಬರೆದ.

*

ಅಷ್ಟಕ್ಕೇ ಎಲ್ಲ ಸರಿಹೋಗಲಿಲ್ಲ. ಮರುದಿನದಿಂದ ಮತ್ತೆ ಅದೇ ಮಂಕು. ಎದ್ದಳು, ಪುಟ ಜೋಡಿಸಿದಳು, ಮಲಗಿದಳು. ಪ್ರಕಾಶಕರ ಕೆಲಸ ಮಾತ್ರ ಕೈತಪ್ಪದೆ ಉಳಿಯಿತು.

ಆದರೆ ಮನೆಯ ವಸ್ತುಗಳು ಒಂದೊಂದಾಗಿ ಕೆಡತೊಡಗಿದವು. ಹಾಗೆಂದು ಅತ್ತೆ ಹೇಳುತ್ತಿದ್ದರು. ಇಸ್ತ್ರಿಪೆಟ್ಟಿಗೆ ಕೆಟ್ಟಿತು, ಮಿಕ್ಸಿ ಕೆಟ್ಟಿತು. ಪ್ರತಿ ಸಲವೂ ಆ ಅಂಗಡಿಯವನನ್ನೇ ಕರೆಸುತ್ತಿದ್ದರು.

"ಇದು ಚೆನ್ನಾಗೇ ಇದೆಯಲ್ಲಮ್ಮ?"

"ಇವತ್ತು ಚೆನ್ನಾಗಿದೆ. ನಾಳೆ? ಕೂತ್ಕೋ, ಕಾಫಿ ಆಗ್ತಿದೆ."

ಅವನು ಹೋದ ಮೇಲೆ, ಯಾರೂ ಕೇಳದಿದ್ದರೂ, "ಮದುವೆ ಆಗಿಲ್ವಂತೆ. ಅಕ್ಕನ ಮನೆ ಮಹಡಿ ಮೇಲೆ ಒಬ್ನೇ ಇದಾನಂತೆ," ಎಂದು ಗೋಡೆಗೆ ವರದಿ ಒಪ್ಪಿಸುತ್ತಿದ್ದರು. ಅವಳು ಸ್ಕ್ರೀನಿನಿಂದ ಕಣ್ಣು ತೆಗೆಯುತ್ತಿರಲಿಲ್ಲ.

ಒಂದು ಮಧ್ಯಾಹ್ನ ಅತ್ತೆ ಪಕ್ಕದ ಮನೆಗೆ ಹೋಗಿದ್ದಾಗ ಅವನು ಬಂದ. ಬರಿಗೈಯಲ್ಲಿ.

"ಅತ್ತೆ ಇಲ್ಲ. ಏನು ಕೆಟ್ಟಿದೆ ಅಂತ ನನಗೆ ಗೊತ್ತಿಲ್ಲ," ಎಂದಳು.

"ಇವತ್ತು ಯಾರೂ ಕರೆದಿಲ್ಲ. ನಾನೇ ಬಂದೆ." ಬಾಗಿಲ ಬಳಿಯ ಕುರ್ಚಿಯ ತುದಿಯಲ್ಲಿ ಕೂತ. "ನಿಮ್ಮನ್ನ ನೋಡೋಕೆ ಬಂದೆ. ಹೇಳದೆ ಇಟ್ಕೊಂಡ್ರೆ ನಿಮಗೆ ಸಿಟ್ಟು ಬರುತ್ತೆ ಅಂತ ಗೊತ್ತಿದೆ, ಅದಕ್ಕೆ ಹೇಳ್ತಿದೀನಿ. ನನಗೆ ನೀವಂದ್ರೆ ಇಷ್ಟ."

ಅವಳು ಕಾದಳು. ಎದೆ ಹೊಡೆದುಕೊಳ್ಳಬೇಕಿತ್ತು. ಕೆನ್ನೆ ಬಿಸಿಯಾಗಬೇಕಿತ್ತು. ಏನೂ ಆಗಲಿಲ್ಲ.

"ನನಗೆ ಏನೂ ಅನಿಸ್ತಿಲ್ಲ," ಎಂದಳು. ಸುಳ್ಳು ಹೇಳುವ ಮನಸ್ಸಾಗಲಿಲ್ಲ. "ಖುಷಿ ಆಗ್ಬೇಕಾದ ಜಾಗದಲ್ಲಿ ಏನೂ ಇಲ್ಲ."

"ಬೇಜಾರು?"

"ಅದೂ ಇಲ್ಲ."

"ಎದ್ದು ಹೋಗ್ಲಾ?"

ಅವನು ಎದ್ದು ಹೋಗುವುದನ್ನು ಅವಳು ಕಲ್ಪಿಸಿಕೊಂಡಳು. ಬಾಗಿಲು. ಮೆಟ್ಟಿಲ ಮೇಲೆ ಚಪ್ಪಲಿಯ ಸದ್ದು. ಆಮೇಲೆ ಆ ಕುರ್ಚಿ, ಅದರಲ್ಲಿ ಯಾರೂ ಇಲ್ಲ...

ಪಕ್ಕೆಯ ಕೆಳಗೆ ಎಲ್ಲೋ, ಬಹಳ ಚಿಕ್ಕದಾಗಿ, ಏನೋ ಒಪ್ಪಲಿಲ್ಲ.

"ಬೇಡ," ಎಂದಳು.

ಆ ಪದ ತನ್ನ ಬಾಯಿಂದಲೇ ಬಂದದ್ದೆಂದು ನಂಬಲು ಒಂದು ಕ್ಷಣ ಬೇಕಾಯಿತು. ಮತ್ತೆ ಹೇಳಿದಳು. "ಹೋಗ್ಬೇಡಿ."

ಅವನು ಕುರ್ಚಿಯ ತುದಿಯಿಂದ ಹಿಂದಕ್ಕೆ ಸರಿದು, ಬೆನ್ನು ಆನಿಸಿ ಕೂತ.

"ಎಷ್ಟು ಹೊತ್ತು ಕೂತಿರ್ಲಿ?"

"ಗೊತ್ತಿಲ್ಲ. ಹೋಗಿ ಅನ್ನಿಸಿದಾಗ ಹೇಳ್ತೀನಿ."

"ಹೇಳ್ತೀರಾ?"

ಅವಳು ಯೋಚಿಸಿದಳು.

"ಇಲ್ಲ," ಎಂದಳು, "ಹೇಳಲ್ಲ ಅನ್ಸುತ್ತೆ."