ಅವನು ಪಾಸ್ ಮಾಡದ ಮೂರನೇ ವಿಮಾನ

“ಇಳೀರಿ ಕೆಳಗೆ! ಈಗಲೇ!”

ಪೈಲಟ್ ಸೀಟಿನಲ್ಲಿ ಕೂತಿದ್ದ ಅವಳು ಬೆಚ್ಚಿಬಿದ್ದಳು. ಕೆಳಗೆ ಟಾರ್ಚ್ ಹಿಡಿದು ನಿಂತವನ ಮುಖವೋ... ಗಂಟು ಹಾಕಿದ ಹಾಗಿತ್ತು!

“ನಾನು ಈ ವಿಮಾನ ಕೊಳ್ಳೋಕೆ ಬಂದಿರೋಳು. ನೀವ್ಯಾರ್ರೀ?”

“ಕೊಳ್ಳಬಹುದಾ ಬೇಡವಾ ಅಂತ ನೋಡೋಕೆ ನಿಮ್ಮಣ್ಣ ಗೊತ್ತುಮಾಡಿರೋ ಇಂಜಿನಿಯರ್. ಸೀಟಲ್ಲಿ ಕೂತರೆ ಆಸೆ ಹುಟ್ಟುತ್ತೆ. ಆಸೆ ಹುಟ್ಟಿದ ಮೇಲೆ ತುಕ್ಕು ಕಾಣಲ್ಲ. ಇಳೀರಿ.”

ಗಂಟುಮುಖ! ಅವತ್ತೇ ಹೆಸರಿಟ್ಟಳು.

ಆದರೆ ಅವನು ಹೇಳಿದ್ದು ಸುಳ್ಳಾಗಲಿಲ್ಲ. ಹೊಳೆಯುವ ಹೊಸ ಬಣ್ಣದಡಿ ಆ ವಿಮಾನದ ರೆಕ್ಕೆಗೆ ಒಳಗೊಳಗೇ ತುಕ್ಕು ಹಿಡಿದಿತ್ತು. ಎರಡನೆಯದು ಚೆನ್ನಾಗಿತ್ತು, ಆದರೆ ಅದಕ್ಕೆ ಉದ್ದದ ರನ್‌ವೇ ಬೇಕು. ಅವಳ ಊರಿನದೋ ಗೇಣುದ್ದ! ಆ ಊರಿನ ರೋಗಿಗಳನ್ನು ದೊಡ್ಡಾಸ್ಪತ್ರೆಗೆ ಮುಟ್ಟಿಸಬೇಕೆಂದೇ ಅವಳು ಇದ್ದ ಪೈಲಟ್ ಕೆಲಸ ಬಿಟ್ಟು ಸ್ವಂತ ವಿಮಾನ ಕೊಳ್ಳಲು ಹೊರಟಿದ್ದಳು.

“ಕೊಳ್ಳೋದು ಸುಲಭ ಕಣ್ರೀ,” ಚಹಾ ಲೋಟ ಚಾಚುತ್ತಾ ಅವನು ಹೇಳಿದ್ದ. “ಸಾಕೋದು ಕಷ್ಟ. ನಿಲ್ಲಿಸೋಕೆ ಜಾಗ, ಬಿಡಿಭಾಗ, ವರ್ಷಾ ವರ್ಷಾ ರಿಪೇರಿ...”

“ವಿಮಾನದ ಬಗ್ಗೆ ಹೇಳ್ತಿದ್ದೀರೋ, ಮದುವೆ ಬಗ್ಗೆನೋ?”

ಗಂಟುಮುಖ ನಕ್ಕಿತ್ತು! ಅವಳ ಎದೆ ಝಲ್ಲೆಂದಿತ್ತು.

ಇವತ್ತು ಮೂರನೇ ವಿಮಾನ. ಎಂಜಿನ್ ಸರಿಯಿದೆ, ಬಿಡಿಭಾಗ ಸಿಗುತ್ತದೆ, ಗೇಣುದ್ದದ ರನ್‌ವೇಯೇ ಸಾಕು. ಸಂಜೆಯೊಳಗೆ ಹೂಂ ಅನ್ನದಿದ್ದರೆ ಬೇರೆ ಪಾರ್ಟಿಗೆ ಕೊಟ್ಟುಬಿಡುತ್ತೇನೆಂದು ದಲ್ಲಾಳಿ ತುದಿಗಾಲಲ್ಲಿ ನಿಂತಿದ್ದ.

ವಿಮಾನದ ಬಾಲದ ಹತ್ತಿರ ಬಗ್ಗಿದ್ದ ಇಂಜಿನಿಯರ್ ಎದ್ದ.

“ಇದನ್ನ ನಾನು ಪಾಸ್ ಮಾಡಲ್ಲ.”

“ಯಾಕೆ? ಏನಾಗಿದೆ ಅದಕ್ಕೆ?”

“ಗೊತ್ತಿಲ್ಲ... ನಾನು ಮಾಡಲ್ಲ, ಅಷ್ಟೇ.”

ಫೋನ್ ತೆಗೆದುಕೊಂಡು ಅವನು ಪಕ್ಕಕ್ಕೆ ಸರಿದ. ದಲ್ಲಾಳಿ ಅವಳ ಕಿವಿಯಲ್ಲಿ ಉಸುರಿದ, “ಆ ಬೇರೆ ಪಾರ್ಟಿ ಕೆಲಸಾನೂ ಇವರೇ ಮಾಡೋದು ಮೇಡಂ. ಅರ್ಥ ಮಾಡ್ಕೊಳ್ಳಿ.”

ಅವಳ ಮೈಯೆಲ್ಲ ಉರಿದುಹೋಯಿತು. ಛೇ! ಇವನನ್ನಾ ನಾನು ನಂಬಿದ್ದು?

“ಅವರು ಎಷ್ಟು ಕೊಟ್ಟರು ನಿಮಗೆ?” ಅವನು ಬರುತ್ತಲೇ ಕೇಳಿಬಿಟ್ಟಳು.

ಅವನ ಮುಖ ಬಿಳಿಚಿಕೊಂಡಿತು. ಟಾರ್ಚನ್ನು ರೆಕ್ಕೆಯ ಮೇಲಿಟ್ಟು ಹೊರಗೆ ನಡೆದ.

ಹೋಗಲಿ! ನನ್ನ ವಿಮಾನ, ನನ್ನ ಇಷ್ಟ! ದಲ್ಲಾಳಿ ಚಾಚಿದ ಪೆನ್ನನ್ನು ಅವಳು ಕಿತ್ತುಕೊಂಡಳು.

“ತಡಿಯಮ್ಮ!”

ವಿಮಾನ ನಿಲ್ಲಿಸುವ ಆ ಹ್ಯಾಂಗರಿನಲ್ಲಿ ಎಲ್ಲರೂ ಅಕ್ಕ ಎಂದೇ ಕರೆಯುವ ಹಿರಿಯ ಇಂಜಿನಿಯರ್ ಏದುಸಿರು ಬಿಡುತ್ತಾ ಬಂದರು. “ಅವನು ಫೋನ್ ಮಾಡಿದ. ಬಾಲ ನಾನು ನೋಡಬೇಕಂತೆ.”

“ಅವರೇ ಯಾಕೆ ನೋಡಲ್ಲ?”

“ನಮ್ಮವರು ಹತ್ತೋ ವಿಮಾನನ ನಾವು ಪಾಸ್ ಮಾಡೋ ಹಾಗಿಲ್ಲ. ಇದು ಈ ಹ್ಯಾಂಗರಿನ ಪದ್ಧತಿ ಕಣಮ್ಮ. ನನ್ನ ಯಜಮಾನ್ರು ಪೈಲಟ್. ಅವರ ವಿಮಾನನ ನಾನು ಒಂದು ದಿನಾನೂ ಮುಟ್ಟಿಲ್ಲ.”

“ನಮ್ಮವರು ಅಂದ್ರೆ... ಇಲ್ಲಿ ಅವರಿಗೆ ಯಾರಿದ್ದಾರೆ?”

ಅಕ್ಕ ಟಾರ್ಚ್ ಎತ್ತಿಕೊಂಡು ಅವಳನ್ನೇ ನೋಡಿದರು. “ಅಯ್ಯೋ ಪೆದ್ದಿ!”

ಅವಳಿಗೆ ನಿಂತ ನೆಲವೇ ಕುಸಿದಂತಾಯಿತು. ಅಯ್ಯೋ... ಎಂಥ ಮಾತು ಆಡಿಬಿಟ್ಟೆ!

ಅಕ್ಕ ಬಾಲದ ಕೀಲಿನ ಮೇಲೆ ಬೆಳಕು ಬಿಟ್ಟು ಬೆರಳಾಡಿಸಿದರು. ಅವಳು ಉಸಿರು ಬಿಗಿಹಿಡಿದು ನಿಂತಳು.

“ಬಿರುಕು! ಕೂದಲೆಳೆಯಷ್ಟು. ಇದನ್ನ ಹಾರಿಸಿದ್ದರೆ...”

ದಲ್ಲಾಳಿ ಮೆಲ್ಲಗೆ ಜಾಗ ಖಾಲಿ ಮಾಡಿದ. ಪೆನ್ನು ಬಿಸಾಕಿ ಅವಳು ಹೊರಗೆ ಓಡಿದಳು.

ಅವನು ಗೇಟಿನ ಬಳಿ ನಿಂತಿದ್ದ.

“ಬಿರುಕಿತ್ತು,” ಎಂದಳು.

ಅವನು ಕಣ್ಣು ಮುಚ್ಚಿಕೊಂಡ. “ನನಗೂ ಕಂಡ ಹಾಗಾಯ್ತು. ಮೂರನೇ ಸಲವೂ ಬೇಡ ಅಂದ್ರೆ ನಿಮ್ಮ ಮುಖ ಹೇಗಾಗುತ್ತೋ ಅಂತ... ಬರೀ ಬಣ್ಣದ ಗೀರು ಅಂದ್ಕೊಂಡೆ. ಆಮೇಲೆ ನನ್ನ ಮೇಲೇ ಭಯ ಆಯ್ತು. ಸೀಟಲ್ಲಿ ಕೂತಿದ್ದು ನೀವು... ಆಸೆ ಹುಟ್ಟಿದ್ದು ನನಗೆ!”

“ಅದನ್ನ ಅಲ್ಲೇ ಹೇಳೋಕೇನಾಗಿತ್ತು?”

“ಆ ದಲ್ಲಾಳಿ ಮುಂದೆ ನಿಮ್ಮನ್ನ ಪ್ರೀತಿಸ್ತೀನಿ ಅಂತ ಹೇಳಲಾ?”

ಅವಳ ಕಣ್ಣು ತುಂಬಿ ಬಂತು. “ನಾನು ಹಾಗೆ ಕೇಳಬಾರದಿತ್ತು... ಕ್ಷಮಿಸ್ತೀರಾ?”

“ನಾಲ್ಕನೇದು ಹುಡುಕೋಣ. ಅದನ್ನ ಅಕ್ಕ ನೋಡ್ತಾರೆ.”

“ಮತ್ತೆ ನೀವು?”

“ಪಕ್ಕದ ಸೀಟು ಖಾಲಿ ಇದ್ದರೆ...”

ಅವಳು ಅಳುತ್ತಲೇ ನಕ್ಕು, ಗ್ರೀಸು ಮೆತ್ತಿದ ಅವನ ಕೈ ಹಿಡಿದುಕೊಂಡಳು.

“ಇದೆ. ಆದರೆ ಈ ಗಂಟುಮುಖ ಇಟ್ಕೊಂಡು ಹತ್ತೋ ಹಾಗಿಲ್ಲ!”